ಬಿಳಿ ಹಲ್ಲಿನ ಕಿನು

ನಮ್ಮ ಕಣಿವೆಯಲ್ಲಿ ಮದುವೆಯಾದ ಹೆಂಗಸು ಹಲ್ಲಿಗೆ ಕಪ್ಪು ಹಚ್ಚದೆ ಹೊರಗೆ ಬರುವುದೆಂದರೆ ಸೆರಗಿಲ್ಲದೆ ಬೀದಿಗಿಳಿದ ಹಾಗೆ. ಕಿನು ಮಾತ್ರ ಹರೆಯದಲ್ಲೇ ಅದನ್ನು ಬಿಟ್ಟಳು. ಬಾವಿಕಟ್ಟೆಯಲ್ಲಿ ಹೆಂಗಸರು, "ಏನೇ ಕಿನು, ಇನ್ನೊಂದ್ಸಲ ಮದುವೆಗೆ ನಿಂತಿದ್ದೀಯಾ?" ಎಂದು ಕೆಣಕುತ್ತಿದ್ದರು. ಅವಳು ತುಟಿ ಬಿಗಿದು ಕೊಡ ಎತ್ತಿಕೊಳ್ಳುತ್ತಿದ್ದಳು. ಸೆಣಬು ನೂಲುವಾಗ ಹೊರಗೆ ಕುದುರೆಯ ಗೊರಸು ಕೇಳಿಸಿದರೆ ಸಾಕು, ಅದು ಉಪ್ಪಿನ ವ್ಯಾಪಾರಿಯ ಬಡಕಲು ಕುದುರೆಯಾದರೂ ಅವಳ ಕೈ ನಿಂತುಬಿಡುತ್ತಿತ್ತು.

ಅವಳು ಕಪ್ಪು ಬಿಟ್ಟದ್ದು ಹಾಗಿನೊ ಮತ್ತು ಕುರೊಸೆ ಮನೆತನಗಳು ಹೊಳೆ ದಾಟುವ ಜಾಗಕ್ಕಾಗಿ ಹೊಡೆದಾಡಿದ ವರ್ಷ. ಕುರೊಸೆಯವರು ನಮ್ಮೂರ ಗಂಡಸರನ್ನು ಅಕ್ಕಿಮೂಟೆ ಹೊರಲು ಎಳೆದುಕೊಂಡು ಹೋದರು. ಅವರಲ್ಲಿ ಕಿನುವಿನ ಗಂಡ ಯಾಸಾಕು ಇದ್ದ, ಪಕ್ಕದ ಮನೆ ಹಿಸಾಳ ಗಂಡ ಮೊಂಜಿಯೂ ಇದ್ದ. ಕಾಳಗದ ದಿನ ಬೆಳಿಗ್ಗೆಯೆಲ್ಲ ಗುಡ್ಡದಾಚೆಯಿಂದ ಶಂಖದ ಸದ್ದು ಬರುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಅದು ನಿಂತಿತು. ನಿಂತ ಮೇಲೆ ಹೆದರಿಕೆ ಹೆಚ್ಚಾಯಿತು.

ಊರಿಗೆ ಬಂದವರು ಗೆದ್ದ ಹಾಗಿನೊ ಕಾಲಾಳುಗಳು. ಅವರು ಅಕ್ಕಿ ಕೇಳಲಿಲ್ಲ, ಕೋಳಿ ಕೇಳಲಿಲ್ಲ.

"ಹಲ್ಲಿನ ಕಪ್ಪು ಯಾರ ಮನೇಲಿ ತಯಾರಿದೆ?"

ತುಕ್ಕು ಮೊಳೆಗಳನ್ನು ಹುಳಿ ಹೆಂಡದಲ್ಲಿ ನೆನೆಹಾಕಿ, ಮಾಚಿಕಾಯಿ ಪುಡಿ ಅರೆದು, ಕಿನು ಮತ್ತು ಹಿಸಾ ಒಂದೇ ಗಡಿಗೆಯಲ್ಲಿ ಮಾಡಿಟ್ಟುಕೊಂಡಿದ್ದರು. ವಾಸನೆ ಮುಚ್ಚಿಡುವ ಹಾಗಿರಲಿಲ್ಲ. ಇಬ್ಬರನ್ನೂ ಗಡಿಗೆಯ ಸಮೇತ ಬುದ್ಧನ ಗುಡಿಯ ಅಂಗಳಕ್ಕೆ ನಡೆಸಿದರು.

ಅಲ್ಲಿ ಮರದ ಕೆಳಗೆ ಬಟ್ಟೆಯ ಗಂಟುಗಳು ಸಾಲಾಗಿದ್ದವು. ಒಳಗಿದ್ದದ್ದು ತಲೆಗಳು.

ಹೆಂಗಸರ ಹಾಗೆ ದೊಡ್ಡ ಮನೆತನದ ಯೋಧರೂ ಹಲ್ಲಿಗೆ ಕಪ್ಪು ಹಚ್ಚುತ್ತಿದ್ದ ಕಾಲ. ಸಂಜೆ ಸೇನಾಪತಿ ತಲೆಗಳನ್ನು ನೋಡುವವನಿದ್ದ. ಕಪ್ಪು ಹಲ್ಲಿನ ತಲೆ ತಂದವನಿಗೆ ಹೊಲ, ಹೆಸರು. ಬಿಳಿ ಹಲ್ಲಿನದು ಹಳ್ಳಕ್ಕೆ. ಮೋಸ ಬಯಲಾದರೆ ತಂದವನಿಗೂ ಬಣ್ಣ ಹಚ್ಚಿದವಳಿಗೂ ಸಾವು.

"ಚೆನ್ನಾಗಿ ಹಚ್ಚು ತಾಯಿ," ಎಂದ ದೊಹಾಚಿ ಎಂಬ ನಡುವಯಸ್ಸಿನ ಕಾಲಾಳು. ಅವನಿಗೆ ನೆಗಡಿಯಾಗಿತ್ತು. "ಇವ್ರು ಬದುಕಿದ್ದಾಗ ಮೂಲಂಗಿ ಅಗಿದವ್ರು. ಈಗ ನಿನ್ ಕೈಲಿ ಸರದಾರರಾಗ್ಬೇಕು."

ಕಿನು ಮೊದಲ ಗಂಟು ಬಿಚ್ಚಿದಳು. ಯಾಸಾಕು ಅಲ್ಲ. ಯಾರೋ. ಕಪ್ಪು ಗಲ್ಲಕ್ಕೆ ಇಳಿಯಿತು. ಒರೆಸಿ ಮತ್ತೆ ಹಚ್ಚಿದಳು. ಮುಂದಿನ ಗಂಟಿನ ಬಟ್ಟೆ ಒದ್ದೆಯಾಗಿತ್ತು, ಗಂಟು ಬಿಚ್ಚಲು ಬರಲಿಲ್ಲ, ಹಲ್ಲಿನಿಂದ ಸಡಿಲಿಸಿದಳು.

ಯಾಸಾಕು ಅಲ್ಲ. ಉಸಿರು ಬಿಟ್ಟಳು. ಬಿಟ್ಟ ಮೇಲೆ ಕಣ್ಣಿಗೆ ಮುಖ ಕಂಡಿತು. ಮೊಂಜಿ.

ಹಿಸಾ ಕೈಯಳತೆಯಲ್ಲಿ ಕೂತು ಇನ್ನೊಂದು ತಲೆಯ ಕೂದಲು ತೊಳೆಯುತ್ತಿದ್ದಳು. ಅವಳು ಒಮ್ಮೆ ಕೂಗಿದರೆ ಇದು ಹೊರೆಯಾಳಿನ ತಲೆ ಎಂದು ಅಂಗಳಕ್ಕೆಲ್ಲ ತಿಳಿಯುತ್ತದೆ. ತಿಳಿದ ಮರುಕ್ಷಣ ದೊಹಾಚಿಗೆ ಅವರಿಬ್ಬರ ಬಾಯಿ ಮುಚ್ಚಿಸದೆ ದಾರಿಯಿಲ್ಲ. ಮುಖ ಹಿಸಾಳಿಗೆ ಕಾಣದ ಹಾಗೆ ಕಿನು ಮೊಣಕಾಲು ತಿರುಗಿಸಿ ತೋಳಿನ ಬಟ್ಟೆ ಹರಡಿ ಕೂತಳು.

"ಯಾರೇ ಅದು?" ಹಿಸಾ ಕೇಳಿದಳು.

"ಹೊಳೆಯಾಚೆಯವ್ರು ಯಾರೋ ಕಣಕ್ಕಾ. ನಿನ್ ಕೆಲ್ಸ ನೋಡು."

ದೊಹಾಚಿ ಮೂಗು ಒರೆಸುವುದನ್ನು ನಿಲ್ಲಿಸಿದ. "ಏನು, ಗುರುತಿನವ್ನಾ?" ಅವನ ಕೈ ಸೊಂಟದ ಕತ್ತಿಗೆ ಹೋಗಿತ್ತು.

"ಇಷ್ಟು ದೊಡ್ಡೋರ ಗುರುತು ನಮಗೆಲ್ಲಿಂದ ಬರ್ಬೇಕು ದಣೀ?"

ಅವನು ಅವಳನ್ನೇ ನೋಡಿದ. ಆಮೇಲೆ ನಕ್ಕ. "ಬಾಯಿದೆ ನಿಂಗೆ."

ಕಿನು ಮೊಂಜಿಯ ತುಟಿ ಸರಿಸಿದಳು, ಮುರಿದ ಮುಂದಿನ ಹಲ್ಲು ಕಂಡಿತು. ನಿನ್ನೆ ಮೊನ್ನೆ ಬೇಲಿಯಾಚೆ ನಿಂತು ಅವಳ ಅಂಬಲಿಯನ್ನು ಕೊಳದ ನೀರು ಎಂದು ಹಂಗಿಸಿದ ತುಟಿ ಅದು. ಒಂದು ಸಲ, ಒಣಗಿದ ಮೇಲೆ ಇನ್ನೊಂದು ಸಲ ಹಚ್ಚಿದಳು. ಹಿಂದೆ ಹಿಸಾ ಎದ್ದ ಸದ್ದಾಯಿತು. ಕಿನುವಿಗೆ ಬೆನ್ನ ಚರ್ಮವೆಲ್ಲ ಕಿವಿಯಾಯಿತು. ಕೂಗು ಬರಲಿಲ್ಲ. ಹಿಸಾ ಬೋಗುಣಿ ಹಿಡಿದು ನೀರಿಗೆ ಹೋದಳು. ಬರುವಾಗ ಗಂಟುಗಳ ಸಾಲಿನ ಬಳಿ ತಡಕಾಡಿದಳು. "ಏಯ್, ಅಲ್ಲೇನೇ ನಿಂಗೆ?" ಎಂದು ಯಾರೋ ಗದರಿದರು. "ಒದ್ದೆಯಾಗಿರೋವು ಕೊಳೀತವೆ ಅಯ್ಯಾ, ನೋಡ್ತಿದ್ದೆ," ಎಂದಳು ಹಿಸಾ. ಬಂದು ಕೂತು ತನ್ನ ಕೆಲಸ ಹಿಡಿದಳು.

ಬಿಸಿಲು ಬಾಗಿದಾಗ ಇಬ್ಬರಿಗೂ ಒಂದೊಂದು ಅನ್ನದುಂಡೆ ಕೊಟ್ಟು ಕಳಿಸಿದರು. ಹುರುಳಿಗೋಧಿ ಹೂಬಿಟ್ಟ ಹೊಲದ ಬದುವಿನಲ್ಲಿ ಹಿಸಾ ಮುಂದೆ, ಕಿನು ಹಿಂದೆ. ಹೇಗೆ ಹೇಳಲಿ, ಎಲ್ಲಿ ಹೇಳಲಿ, ಬಾಗಿಲು ಹಾಕಿಕೊಂಡ ಮೇಲೆ ಹೇಳಲೇ ಎಂದು ಕಿನು ಮಾತು ಹುಡುಕುತ್ತಿದ್ದಳು.

ಹಿಸಾ ತಿರುಗದೆ ಕೇಳಿದಳು: "ಮುಂದಿನ ಹಲ್ಲು ಮುರಿದಿತ್ತಲ್ಲ, ಅದಕ್ಕೂ ಬಣ್ಣ ಹಿಡೀತಾ?"

ಕಿನುವಿನ ಕಾಲು ನಿಂತಿತು.

"ಹಿಡೀತು ಅಕ್ಕಾ."

"ಹಂಗಾದ್ರೆ ಹಳ್ಳಕ್ಕೆ ಎಸೆಯಲ್ಲ. ಧೂಪ ಹಾಕಿ ಮಣ್ಣು ಮಾಡ್ತಾರೆ." ಸ್ವಲ್ಪ ದೂರ ನಡೆದ ಮೇಲೆ ಮತ್ತೆ ಹೇಳಿದಳು: "ಉಳಿದ ಗಂಟೆಲ್ಲ ಸರಿಸಿ ನೋಡ್ದೆ ಕಣೇ. ನಿನ್ನವನು ಇರ್ಲಿಲ್ಲ."

ಕಿನು ಬದುವಿನ ಮೇಲೆ ಕುಸಿದು ಕೂತಳು. ಗುಡ್ಡದ ಕಡೆ ಕುದುರೆಗಳ ಸದ್ದು ಕೇಳುತ್ತಿತ್ತು. ಹಿಸಾ ವಾಪಸು ಬಂದು ಅವಳ ರಟ್ಟೆ ಹಿಡಿದೆತ್ತಿದಳು.

"ಏಳು. ಅಳೋದಿದ್ರೆ ಮನೇಲಿ ಅಳೋಣ."