ಗುರುಬಸಮ್ಮನ ಬಿಸ್ಕತ್ತಿನ ಹಿಟ್ಟು

ಆದೋನಿಯ ಹತ್ತಿ ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ ಗುರುಬಸಮ್ಮನ ಬಗ್ಗೆ ಎರಡೇ ಮಾತು: ಬಾಯಿ ಕೆಟ್ಟದ್ದು, ಬಿಸ್ಕತ್ತು ಒಳ್ಳೆಯದು. ಗಂಡ ಹತ್ತಿ ವ್ಯಾಪಾರಿ, ಸತ್ತು ಒಂಬತ್ತು ವರ್ಷ. ಮಗ ವಾಗೀಶ್ ತಾಯಿಯ ಎದುರು ಕೆಮ್ಮಲಿಕ್ಕೂ ಹೆದರುವವನು. ದೀಪಾವಳಿ ಬಂತೆಂದರೆ ಆಕೆ ಗೋಧಿ ಹಿಟ್ಟು, ಸಕ್ಕರೆ, ತುಪ್ಪ ಹೊರಿಸಿಕೊಂಡು ಬಿಸ್ಕತ್ತು ಬೇಯಿಸಿಕೊಡುವ ಸೂರಿಯ ಬಟ್ಟಿಗೆ ಹೊರಡುತ್ತಿದ್ದಳು. ಊರಿನವರೆಲ್ಲ ಹಾಗೆಯೇ ಬರುವುದು. ಸಾಮಾನು ತಮ್ಮದು, ಕಲಸುವ ಕೈ ತಮ್ಮದು, ಬೆಂಕಿ ಮಾತ್ರ ಸೂರಿಯದು.

ಆಕೆಯ ಬಿಸ್ಕತ್ತು ಬಾಯಲ್ಲಿ ಕರಗುವುದಕ್ಕೆ ಕಾರಣ ಸೇಂದಿ. ಹೌದು, ಈಚಲು ಮರದ ಹೆಂಡವೇ. ಕುಡಿದವನು ಅಂಗಳ ತುಳಿದರೆ ಸಗಣಿ ನೀರು ಚೆಲ್ಲುವ ಮನೆ ಅದು! ಅತ್ತೆ ಸಾಯುವಾಗ ಇದನ್ನು ಕಿವಿಯಲ್ಲಿ ಹೇಳಿ, ಮುಂದೆ ಮನೆಯ ಸೊಸೆಗೆ ಮಾತ್ರ ಹೇಳು ಎಂದಿದ್ದಳು. ಪ್ರತಿ ವರ್ಷ ಸೂರಿ ಚೀಲದಲ್ಲಿ ಮುಚ್ಚಿ ಒಂದು ಸೀಸೆ ತಂದಿಡುತ್ತಿದ್ದ; ಈಕೆ ಗೋಡೆಗೆ ಮುಖ ಮಾಡಿ ಹಿಟ್ಟಿಗೆ ಸುರಿದುಕೊಳ್ಳುತ್ತಿದ್ದಳು. ಸೊಸೆ ಗಂಗೋತ್ರಿ ಮನೆ ತುಂಬಿ ಆರು ವರ್ಷವಾದರೂ ಗುಟ್ಟು ಬಿಟ್ಟುಕೊಟ್ಟಿರಲಿಲ್ಲ. ಅದನ್ನೂ ಕೊಟ್ಟರೆ ಆ ಮನೆಯಲ್ಲಿ ತನ್ನನ್ನು ಕೇಳುವವರು ಯಾರು?

ಈ ವರ್ಷ ಬಚ್ಚಲಲ್ಲಿ ಜಾರಿ ಬಲಗೈ ಮುರಿಯಿತು. ಕಲಸುವುದು ಗಂಗೋತ್ರಿಯ ಪಾಲಿಗೆ ಬಂತು. ಗುರುಬಸಮ್ಮ ಸೂರಿಗೆ ಫೋನ್ ಮಾಡಿ ಸೀಸೆ ಬೇಡವೆಂದಳು. ಸೊಸೆಯ ಕೈಗೆ ಅಡಿಗೆ ಸೋಡಾದ ದೊಡ್ಡ ಪೊಟ್ಟಣ ಕೊಟ್ಟಳು. ಕಹಿಯಾದರೆ ಸೊಸೆಯ ಕೈ ಸರಿಯಿಲ್ಲ ಎಂದರಾಯಿತು.

ಬಟ್ಟಿಯ ಮುಂದೆ ಹತ್ತು ಹನ್ನೆರಡು ಹೆಂಗಸರು ತಟ್ಟೆ ಹಿಡಿದು ಕೂತಿದ್ದರು. ಪ್ಲಾಸ್ಟರ್ ಕೈಯನ್ನು ಮಡಿಲಲ್ಲಿಟ್ಟುಕೊಂಡು ಗುರುಬಸಮ್ಮ ಗದರುತ್ತಲೇ ಇದ್ದಳು.

"ಗಟ್ಟಿ ಒತ್ತು. ನಿಮ್ಮವ್ವ ಇಷ್ಟೂ ಕಲಿಸಿಲ್ಲೇನು?"

"ನಮ್ಮವ್ವ ಮುಚ್ಚಿಡಾಕ ಕಲಿಸಿಲ್ಲರಿ ಅತ್ತಿ."

"ಬಾಯಿ ಮುಚ್ಚು. ಸೋಡಾ ಹಾಕು. ಎಲ್ಲಾ ಹಾಕು."

ಗಂಗೋತ್ರಿ ಪೊಟ್ಟಣ ಅಷ್ಟೂ ಸುರಿದು ಕಲಸಿದಳು. ಸೂರಿ ಬೆಂಕಿ ಕೆದರುವುದನ್ನು ಬಿಟ್ಟು ತಿರುಗಿದ. "ಏನಮ್ಮಾ ಇದು? ಇಪ್ಪತ್ತು ವರ್ಷದಿಂದ ನಿಮ್ಮ ತಟ್ಟಿ ಬೇಯಿಸೀನಿ. ಒಂದು ಸಲಾನೂ ಸೋಡಾ ಹಾಕಿಲ್ಲಲ್ಲ ನೀವು!"

ಗಂಗೋತ್ರಿಯ ಕೈ ಹಿಟ್ಟಿನಲ್ಲೇ ನಿಂತಿತು. ಅತ್ತೆಯ ಮುಖ ನೋಡಿದಳು. "ಮತ್ತೇನು ಹಾಕ್ತಿದ್ರಿ?"

"ಅವನ ಮಾತೇನು ಕೇಳ್ತಿ? ಹಿಟ್ಟು ಕದಿಯೋ ಕಳ್ಳ ಅವನು."

ಸೂರಿಗೆ ಬೇರೆ ಏನಂದಿದ್ದರೂ ನಡೆಯುತ್ತಿತ್ತು. ಅಷ್ಟು ಮನೆಯವರ ಮುಂದೆ ಬಟ್ಟಿಯವನನ್ನು ಕಳ್ಳ ಎಂದರೆ ನಾಳೆ ಅವನ ಹತ್ತಿರ ಯಾರು ಹಿಟ್ಟು ತರುತ್ತಾರೆ? ಕಬ್ಬಿಣದ ಸಲಾಕೆ ನೆಲಕ್ಕೆ ಕುಕ್ಕಿದ.

"ಕಳ್ಳ ನಾನಾ? ವರ್ಷಾ ವರ್ಷಾ ನಿಮಗ ಸೇಂದಿ ಸೀಸೆ ತಂದು ಕೊಟ್ಟವ ನಾನು! ಗೋಡಿ ಕಡೆ ತಿರುಗಿ ಹಿಟ್ಟಿಗೆ ಸುರದವರು ನೀವು!"

ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು. ಗಂಗೋತ್ರಿ ನಗಲಿಲ್ಲ. ಕೈಗೆ ಅಂಟಿದ ಹಿಟ್ಟು ಕೆರೆದು ಕೊಡವಿ ಸೂರಿಯನ್ನೇ ಕೇಳಿದಳು.

"ಮೂರು ಸೇರು ಹಿಟ್ಟಿಗೆ ಎಷ್ಟು?"

"ಒಂದು ಸೀಸೆ."

"ಒಂದಲ್ಲೋ ಹುಚ್ಚಾ, ಅರ್ಧ!" ಗುರುಬಸಮ್ಮ ಕೂತಲ್ಲಿಂದ ಎದ್ದೇ ಬಿಟ್ಟಳು. "ಒಂದು ಸುರದ್ರ ಹಿಟ್ಟು ಅಂಬಲಿ ಆಗ್ತೈತಿ. ಅರ್ಧ ಹಾಕಿ, ಒದ್ದಿ ಅರಿಬಿ ಮುಚ್ಚಿ, ಎರಡು ತಾಸು ಬಿಡಬೇಕು!"

ಮಾತು ಹೊರಬಿದ್ದ ಮೇಲೆ ಆಕೆಗೆ ತಿಳಿಯಿತು. ಹಲ್ಲು ಕಚ್ಚಿದಳು.

ಕೋಸಗಿಯಿಂದ ಅದೇ ಓಣಿಯ ತನ್ನ ಮಗಳ ಮನೆಗೆ ಬಂದು ಹೆಂಗಸರ ನಡುವೆ ಕೂತಿದ್ದ ಅಂಬಮ್ಮ ಹಿಂದಿನಿಂದ ಕೇಳಿದಳು: "ಹಂಗಾರ ಉಳಿದ ಅರ್ಧ ಸೀಸೆ ಎಲ್ಲಿ ಹೋಗ್ತಿತ್ತವ್ವ?"

ಬಟ್ಟಿಯೇ ನಕ್ಕಂತಾಯಿತು.

ಗಂಗೋತ್ರಿ ಸೋಡಾದ ಹಿಟ್ಟನ್ನು ಅಷ್ಟೂ ಎತ್ತಿ ಬೂದಿಗುಂಡಿಗೆ ಹಾಕಿದಳು. "ಸೂರಣ್ಣ, ಸೇಂದಿ ತರಿಸು. ಅಷ್ಟರಾಗ ಅಂಗಡಿಗೆ ಹೋಗಿ ಹಿಟ್ಟು ತರ್ತೀನಿ."

"ನಾಳೆಯಿಂದ ನಿನ್ನ ಅಡಿಗಿ ನಿನಗ, ನನ್ನ ಅಡಿಗಿ ನನಗ," ಎಂದಳು ಗುರುಬಸಮ್ಮ.

ಗಂಗೋತ್ರಿ ಆ ಪ್ಲಾಸ್ಟರನ್ನು ಮೇಲಿಂದ ಕೆಳಗೆ ನೋಡಿದಳು.

"ಒಂದ ಕೈಲೆ ಮಾಡ್ಕೋರಿ."