ಎಂಟು ಸಾವಿರದ ಐವತ್ತೊಂದು ಬಿಲ್ಲೆಗಳ ಗೋಡೆ

ನನ್ನ ಗಂಡ ಟೈಲ್ಸ್ ಕಾರ್ಖಾನೆಯ ಭಟ್ಟಿಯಲ್ಲಿ ಕೆಲಸ ಮಾಡುತ್ತಿದ್ದರು. ನಾನು ಅಲ್ಲೇ ಪ್ಯಾಕಿಂಗಿನಲ್ಲಿದ್ದೇನೆ. ಅವರ ಟೋಕನ್ ನಂಬರು ಎಂಬತ್ತು, ನನ್ನದು ಐವತ್ತೊಂದು. ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. ಮನೆಯಲ್ಲೂ "ಏ ಐವತ್ತೊಂದು, ಸೋಪೆಲ್ಲಿ?" ಅನ್ನುತ್ತಿದ್ದರು.

ಸಂಖ್ಯೆ ಒಡೆಯುವುದು ಅವರ ಚಟ. ಲಾರಿ ನಂಬರು ಕಂಡರೂ ಬಿಡುತ್ತಿರಲಿಲ್ಲ. ಅವರದು ಟೈಲ್ಸಿನ ಲೆಕ್ಕ. ಅಷ್ಟು ಟೈಲ್ಸನ್ನು ಸಮ ಸಾಲುಗಳಲ್ಲಿ ಜೋಡಿಸಿದಾಗ ಒಂದೂ ಮಿಗದೆ ತುಂಬಿತೋ, ಆ ಸಂಖ್ಯೆ ಒಡೆಯಿತು. ಹೇಗೆ ಜೋಡಿಸಿದರೂ ತುಂಬಲಿಲ್ಲವೋ, ಅದು ಗಟ್ಟಿ.

ಮದುವೆಯಾದ ಹೊಸತರಲ್ಲಿ ನಮ್ಮಿಬ್ಬರ ನಂಬರನ್ನು ಪಕ್ಕಪಕ್ಕ ಬರೆದರು. ಎಂಟು ಸಾವಿರದ ಐವತ್ತೊಂದು. ಅಡುಗೆಮನೆಯ ನೆಲದ ಮೇಲೆ ಕೂತು ಸೀಮೆಸುಣ್ಣದಲ್ಲಿ ಭಾಗಿಸತೊಡಗಿದರು. ಎರಡರಿಂದ ಹೋಗಲಿಲ್ಲ. ಮೂರು, ಐದು, ಏಳು, ಹನ್ನೊಂದು, ಯಾವುದರಿಂದಲೂ ಹೋಗಲಿಲ್ಲ. ತೊಂಬತ್ತರ ತನಕದ ಗಟ್ಟಿ ಸಂಖ್ಯೆಗಳನ್ನಷ್ಟೇ ನೋಡಿದರೆ ಸಾಕು, ಅದರಾಚೆ ಹೊಸದೇನೂ ಸಿಗುವುದಿಲ್ಲ ಅಂದರು. ಎಪ್ಪತ್ತೊಂಬತ್ತಕ್ಕೆ ಬಂದು ಸೀಮೆಸುಣ್ಣ ಬಿಸಾಡಿದರು.

"ಇನ್ನೆರಡು ಉಳಿದಿದೆ. ಇಷ್ಟಕ್ಕೆ ಬಗ್ಗದ್ದು ಅಷ್ಟಕ್ಕೆ ಬಗ್ಗುತ್ತಾ? ಗಟ್ಟಿ ಕಣೇ ನಾವು. ಯಾರ ಕೈಲೂ ಒಡೆಯೋಕಾಗಲ್ಲ."

ನಂಬಿದೆ. ಮಕ್ಕಳಾಗಲಿಲ್ಲ, ಜನ ಆಡಿಕೊಂಡರು. ಆಗಲೂ ಅದನ್ನೇ ಹೇಳುತ್ತಿದ್ದರು. ನನಗೆ ಅಷ್ಟು ಸಾಕಿತ್ತು.

ಹೋದ ತಿಂಗಳು ಭಟ್ಟಿಯ ಬಾಗಿಲಲ್ಲಿ ಕೈಗವಸು ಎತ್ತಿಕೊಳ್ಳಲು ಬಗ್ಗಿದವರು ಏಳಲಿಲ್ಲ. ಎದೆಬಡಿತ ನಿಂತುಹೋಗಿತ್ತು.

ನೆನಪಿಗೆ ಏನಾದರೂ ಮಾಡುತ್ತೇವೆ ಅಂದರು ಅವರ ಜೊತೆ ಕೆಲಸ ಮಾಡುತ್ತಿದ್ದವರು. ಊಟದ ಕೋಣೆಯಲ್ಲಿ ಕಿಟಕಿಗೂ ಬಾಗಿಲಿಗೂ ನಡುವಿನ ಗೋಡೆಗೆ ಇಂಚಗಲದ ಟೈಲ್ಸ್ ಬಿಲ್ಲೆ ಕೂರಿಸಿ ಅಂದೆ, ನಮ್ಮ ನಂಬರಿನಷ್ಟು. ಕೊನೆಯ ಸಾಲು ತುಂಬದೆ ನಡುವೆಯೇ ನಿಲ್ಲುತ್ತದೆ. ಇದು ಒಡೆಯದ್ದು ಅಂತ ಎಲ್ಲರೂ ನೋಡಲಿ. ಕೊನೆಯ ಬಿಲ್ಲೆ ಮಾತ್ರ ನಾನಿಡುತ್ತೇನೆ.

ಯಂತ್ರದಲ್ಲಿ ಎಣಿಸಿ ತಂದರು. ಮೇಸ್ತ್ರಿ ಪೆಟ್ಟಿಗೆಗೆ ಕೈಹಾಕಿ ಬಡಬಡ ಒತ್ತುತ್ತ ಹೋದ. ಕೊನೆಯದನ್ನು ನನ್ನ ಕೈಗೆ ಕೊಟ್ಟವನು ಗೋಡೆ ನೋಡಿ ಹಾಗೇ ನಿಂತ.

"ಅಕ್ಕಾ, ಒಂದೇ ಜಾಗ ಉಳಿದಿದೆ."

"ಅಂದ್ರೆ?"

"ತುಂಬುತ್ತೆ."

ಎಣಿಕೆ ತಪ್ಪಿದೆ ಅಂದೆ. ಅವನು ಅಡ್ಡ ಎಣಿಸಿದ, ತೊಂಬತ್ತೇಳು. ಎತ್ತರ ಎಣಿಸಿದ, ಎಂಬತ್ತಮೂರು. ಪೆಟ್ಟಿಗೆಯ ಮುಚ್ಚಳದ ಮೇಲೆ ಗುಣಿಸಿದ. ಎಂಟು ಸಾವಿರದ ಐವತ್ತೊಂದು. ಬೇಕಾದರೆ ನೀವೇ ಗುಣಿಸಿ ನೋಡಿ.

ಎಪ್ಪತ್ತೊಂಬತ್ತು ಆದ ಮೇಲೆ ಅವರು ನೋಡಬೇಕಿದ್ದದ್ದು ಎಂಬತ್ತಮೂರನ್ನೇ. ಅಲ್ಲೇ ಎದ್ದುಬಿಟ್ಟಿದ್ದರು.

"ನನ್ನ ತಮ್ಮ ಯಾವುದನ್ನ ಪೂರ್ತಿ ಮಾಡಿದಾನೆ ಹೇಳು?" ಅಂದಳು ಪಕ್ಕದಲ್ಲಿದ್ದ ಅವರ ಅಕ್ಕ. "ಒಂದೇ ಕೆನ್ನೆ ಗಡ್ಡ ಬೋಳಿಸ್ಕೊಂಡು ಕೆಲಸಕ್ಕೆ ಹೋದೋನು ಅವನು." ನಗಲು ಹೋಗಿ ಅತ್ತಳು.

ನನಗೆ ಎರಡೂ ಬರಲಿಲ್ಲ. ಇಷ್ಟು ವರ್ಷ ನಮ್ಮ ನಂಬರಿನೊಳಗೆ ಇವೆರಡು ತಣ್ಣಗೆ ಕೂತಿದ್ದವು. ಎಂಬತ್ತಮೂರು ಯಾರು? ತೊಂಬತ್ತೇಳು ಯಾರು? ನನಗೆ ಗುರುತೇ ಇಲ್ಲ.

ಮೇಸ್ತ್ರಿ ದನಿ ತಗ್ಗಿಸಿದ. "ಅದೊಂದು ಇಡಬೇಡಿ ಅಕ್ಕಾ. ತುಂಬಲಿಲ್ಲ ಅನ್ನೋಣ. ಯಾರು ಎಣಿಸ್ತಾರೆ?"

"ಆಗ ಎಂಟು ಸಾವಿರದ ಐವತ್ತಾಗುತ್ತಪ್ಪ. ಐವತ್ತು ನಾನಲ್ಲ, ಪಕ್ಕದ ಬೆಂಚಿನ ಮುದುಕಿ."

ಬಿಲ್ಲೆ ಒತ್ತಿದೆ. ಸಿಮೆಂಟು ಹಸಿಯಿತ್ತು, ಹಿಡಿದುಕೊಂಡಿತು. ಗೋಡೆ ತುಂಬಿತು. ಒಂದೂ ಮಿಗಲಿಲ್ಲ.

ನನ್ನ ಗಂಡನಿಗೆ ಹೇಳಬೇಕು, ಕೇಳಿದರೆ ಬಾಯಿ ಬಿಟ್ಟುಕೊಂಡು ನಿಲ್ಲುತ್ತಾರೆ ಅಂದುಕೊಂಡು ಭಟ್ಟಿಯ ಕಡೆ ಹೊರಟೆ.

ಅವರ ಅಕ್ಕ ತೋಳು ಹಿಡಿದಳು. "ಎಲ್ಲಿಗೇ?"