ಹಿಂದಕ್ಕೆ ಸರಿಯದ ಟ್ರೇಲರ್

ನನ್ನ ಸೋದರಮಾವ ಬಳ್ಳಾರಿಯ ಪಾರ್ವತಿನಗರದಲ್ಲಿದ್ದ. ಪಂಪ್‌ಸೆಟ್ ಮಾರುವುದು, ಮಾರಿದ್ದು ಕೆಟ್ಟರೆ ಹೋಗಿ ಸರಿಮಾಡಿ ಕೊಡುವುದು ಅವನ ಕಸುಬು. ಗಿರಾಕಿಗಳೆಲ್ಲ ಕುರುಗೋಡು, ಸಿರುಗುಪ್ಪ ಕಡೆಯ ಹಳ್ಳಿಗಳಲ್ಲಿದ್ದರು. ಹೋದಲ್ಲೆಲ್ಲ ಯಾರದೋ ಪಡಸಾಲೆಯಲ್ಲಿ ಮಲಗುವುದು ಅವನಿಗೆ ಒಗ್ಗುತ್ತಿರಲಿಲ್ಲ. ಎಪ್ಪತ್ತರ ದಶಕದ ಕೊನೆಯ ಹೊತ್ತಿಗೆ, ಮಿಲಿಟರಿಯವರು ಹರಾಜು ಹಾಕಿದ ಎರಡು ಗಾಲಿಯ ಟ್ರೇಲರ್ ಒಂದನ್ನು ಕೊಂಡು, ಅದರ ಮೇಲೆ ಬಡಗಿಯಿಂದ ಹಲಗೆಯ ಕೋಣೆ ಕಟ್ಟಿಸಿದ. ಮೇಲೆ ತಗಡು, ಎರಡು ಪಕ್ಕ ಮಲಗುವ ಹಲಗೆ, ನಡುವೆ ಸೀಮೆಎಣ್ಣೆ ಸ್ಟೋವ್, ಮೂಲೆಯಲ್ಲಿ ನೀರಿನ ಡ್ರಮ್ಮು. ಅದನ್ನು ತನ್ನ ಹಳೆಯ ಜೀಪಿಗೆ ಕಟ್ಟಿಕೊಂಡು ತಿರುಗತೊಡಗಿದ. ರಜೆ ಸಿಕ್ಕಾಗ ನಾನೂ ಜೊತೆಗೆ ಹೋಗುತ್ತಿದ್ದೆ.

ರಾತ್ರಿ ತಂಗುವುದಕ್ಕೆ ಮಾವ ಕೆಲವು ನಿಯಮ ಮಾಡಿಕೊಂಡಿದ್ದ. ಒಂದು ಊರಲ್ಲಿ ಒಂದೇ ರಾತ್ರಿ. ಜೀಪಿನಿಂದ ಟ್ರೇಲರಿನ ಕೊಂಡಿ ಬಿಚ್ಚುವಂತಿಲ್ಲ. ಸಾಮಾನು ಕೆಳಗಿಳಿಸುವಂತಿಲ್ಲ. ಬೆಳಕು ಹರಿದ ಕೂಡಲೇ ಚೊಂಬು ಹಿಡಿದು ಬಯಲಿಗೆ ಹೋಗಿ, ನೀರಿದ್ದಲ್ಲಿ ಮಿಂದು ಬಂದು, ಗಾಡಿ ಹೊರಡಿಸಬೇಕು. ಎಲ್ಲಕ್ಕಿಂತ ದೊಡ್ಡ ನಿಯಮವೆಂದರೆ, ಮುಂದಕ್ಕೆ ನೇರ ದಾರಿ ಇರುವ ಕಡೆಯೇ ನಿಲ್ಲಿಸಬೇಕು. ಇದಕ್ಕೆ ಕಾರಣವಿತ್ತು. ಟ್ರೇಲರ್ ಕಟ್ಟಿದ ಜೀಪನ್ನು ಹಿಂದಕ್ಕೆ ತೆಗೆಯುವುದು ಸುಲಭವಲ್ಲ. ಸ್ಟೇರಿಂಗ್ ಎಡಕ್ಕೆ ತಿರುಗಿಸಿದರೆ ಟ್ರೇಲರ್ ಬಲಕ್ಕೆ ಹೋಗುತ್ತದೆ. ಸ್ವಲ್ಪ ಹೆಚ್ಚಾದರೆ ಎರಡೂ ಮಡಚಿಕೊಂಡು ಅಡ್ಡ ನಿಲ್ಲುತ್ತವೆ. ಮಾವನಿಗೆ ಅದು ಕೊನೆಯವರೆಗೂ ಬರಲಿಲ್ಲ. ನನಗೂ ಬರಲಿಲ್ಲ.

ಕುರುಗೋಡಿನಲ್ಲಿ ಬೆಟ್ಟದ ಬಂಡೆಗಳ ಕೆಳಗೆ ಒಂದು ಬಯಲಿತ್ತು. ಅಲ್ಲಿ ಮೊದಲ ಸಲ ನಿಲ್ಲಿಸಿದಾಗ ಎದುರಿನ ಕಟ್ಟೆಯ ಮೇಲೆ ಕೂತಿದ್ದ ಗಂಡಸರೆಲ್ಲ ಒಬ್ಬೊಬ್ಬರಾಗಿ ಎದ್ದು ಹೋದರು. ಉಳಿದದ್ದು ಒಬ್ಬ ಮುದುಕ.

"ಅವ್ರೆಲ್ಲ ಯಾಕ ಹೋದ್ರು?" ಎಂದು ಮಾವ ಕೇಳಿದ.

"ಆಪರೇಶನ್ ಗಾಡಿ ಅಂದ್ಕೊಂಡಾರ್ರಿ. ನಂಗೇನು ಅಂಜಿಕಿ? ನಂದು ವಯಸ್ಸಾತು. ಬೇಕಾದ್ರ ನನ್ನ ಹಿಡ್ಕೊಂಡು ಹೋಗ್ರಿ, ಊಟ ಹಾಕಿದ್ರ ಸಾಕು," ಎಂದ ಮುದುಕ.

ತುರ್ತುಪರಿಸ್ಥಿತಿಯಲ್ಲಿ ಗಂಡಸರನ್ನು ಹಿಡಿದೊಯ್ದು ಆಪರೇಶನ್ ಮಾಡಿಸುತ್ತಿದ್ದ ಕುಟುಂಬ ಯೋಜನೆಯ ಗಾಡಿಗಳ ನೆನಪು ಊರುಗಳಲ್ಲಿ ಇನ್ನೂ ಹಸಿಯಾಗಿತ್ತು. ಪಂಪ್ ಮಾರುವ ಗಾಡಿಯೆಂದು ಎಲ್ಲರಿಗೂ ಗೊತ್ತಾಗಲು ಎರಡು ಮೂರು ಸುತ್ತು ಹಿಡಿಯಿತು. ಆಮೇಲೆ ಜನ ಅದನ್ನು 'ಗಾಲೀ ಮನಿ' ಎಂದು ಕರೆದರು.

ಈ ಗಾಲಿ ಮನೆ ವ್ಯಾಪಾರಕ್ಕೆ ಎಷ್ಟು ಉಪಯೋಗವಾಯಿತೋ ಹೇಳಲಾರೆ. ನನ್ನ ಅತ್ತೆಗೆ, ಅಂದರೆ ಮಾವನ ಹೆಂಡತಿಗೆ, ಅದರಿಂದ ಒಂದು ಪ್ರಯೋಜನವಾಯಿತು. ಅವಳ ತವರು ಸಿರುಗುಪ್ಪ ತಾಲ್ಲೂಕಿನ ಕರೂರು. ಅಲ್ಲಿಗೆ ಅವಳು ಹೋಗಿ ವರ್ಷಗಳೇ ಆಗಿದ್ದವು. ಅವಳ ತಮ್ಮನ ಮನೆಯ ಒಂದು ಶುಭಕಾರ್ಯದಲ್ಲಿ ಮಾವನನ್ನು ಮೊದಲ ಪಂಕ್ತಿಯಲ್ಲಿ ಕೂರಿಸುವುದನ್ನು ಯಾರೋ ಮರೆತಿದ್ದರು. ಆ ಮನೆಯ ಅಳಿಯನಾದ ಮಾವ ಎರಡನೇ ಪಂಕ್ತಿಗೆ ಕಾಯುತ್ತ ನಿಂತಿದ್ದ. ಆಮೇಲೆ ಕರೆದಾಗ ಅವನು ಕೂರಲಿಲ್ಲ. "ಇನ್ನೊಮ್ಮೆ ಈ ಸೂರಿನ ಕೆಳಗ ಮಲಗಿದ್ರ ಕೇಳ್ರಿ" ಎಂದು ಎಲ್ಲರೆದುರು ಆಣೆ ಇಟ್ಟು ಹೊರಟು ಬಂದ. ಅತ್ತೆ ಹಿಂದೆಯೇ ಬಂದಳು.

ಒಬ್ಬಳೇ ಬಸ್ಸು ಹತ್ತಿ ಹೋಗಬಹುದಲ್ಲ ಎಂದು ನನ್ನ ತಾಯಿ ಅವಳಿಗೆ ಒಮ್ಮೆ ಹೇಳಿದ್ದಳು.

"ಒಬ್ಬಾಕೀ ಹೋದ್ರ ಗಂಡನ್ನ ಬಿಟ್ಟು ಬಂದಾಳ ಅಂತಾರ ವೈನಿ. ಹೋದ್ರ ಜೋಡೀನ ಹೋಗಾಕ ಬೇಕು," ಎಂದಿದ್ದಳು ಅತ್ತೆ. ಆ ಮಾತು ಅಲ್ಲಿಗೆ ಮುಗಿದಿತ್ತು.

ಟ್ರೇಲರ್ ಬಂದ ಮರುವರ್ಷ ಅತ್ತೆಯ ತಮ್ಮ ಪಾರ್ವತಿನಗರಕ್ಕೆ ಬಂದ. ತನ್ನ ಮಗಳ ಮದುವೆಗೆ ಕರೆಯಲು ಬಂದಿದ್ದ. ಅಕ್ಕನ ಗಂಡನನ್ನು ಅವನೂ ಮಾವ ಎಂದೇ ಕರೆಯುತ್ತಿದ್ದ. ಒಳಗೆ ಬರದೆ ಬಾಗಿಲಲ್ಲೇ ನಿಂತ.

"ಒಳಗ ಬಾರೋ ತಮ್ಮಾ," ಎಂದಳು ಅತ್ತೆ.

"ಮಾವ ನಮ್ಮ ಮನ್ಯಾಗ ಕಾಲಿಡೂದಿಲ್ಲ, ನಾ ಹೆಂಗ ಇಡ್ಲಿ? ಅಕ್ಷತಿ ಇಲ್ಲೇ ಕೊಡ್ತೀನಿ. ಹುಡುಗಿಗೆ ನೀನ ಸೋದರತ್ತಿ. ಆರತಿ ನೀನ ಎತ್ತಬೇಕು."

ಮಾವ ಪತ್ರಿಕೆ ಓದುತ್ತ ಕೂತಿದ್ದ. ತಲೆ ಎತ್ತಲಿಲ್ಲ. ತಮ್ಮ ಹೋದ ಮೇಲೆ ಅತ್ತೆ ಅಡುಗೆಮನೆಯಿಂದಲೇ ಹೇಳಿದಳು: "ಸೂರಿನ ಕೆಳಗ ಮಲಗೂದಿಲ್ಲ ಅಂತ ಆಣಿ. ಗಾಡ್ಯಾಗ ಮಲಗೂದಿಲ್ಲ ಅಂತ ಅಲ್ಲ."

ಪತ್ರಿಕೆಯ ಪುಟ ತಿರುವಿದ ಸದ್ದಾಯಿತು. ಆಮೇಲೆ ಮಾವ ಹೇಳಿದ: "ಮದಿವಿಗೆ ಎರಡ ದಿನ ಮೊದ್ಲ ಹೋಗೂದು. ಒಂದ ರಾತ್ರಿ. ಹುಡುಗೀ ಮಾರಿ ನೋಡಿ, ಸೀರಿ ಕೊಟ್ಟು, ಬೆಳಿಗ್ಗೆದ್ದು ಬರೂದು."

ಬೆಳಿಗ್ಗೆ ಹೊರಟರೆ ಮದುವೆ ಸಿಗುವುದಿಲ್ಲ, ಆರತಿಯೂ ಇಲ್ಲ. ಅದು ಇಬ್ಬರಿಗೂ ಗೊತ್ತಿತ್ತು. ಅತ್ತೆ "ಹೂಂ" ಎಂದಳು.

ಕುರುಗೋಡಿನಲ್ಲಿ ಒಂದು ಪಂಪು ಇಳಿಸುವುದಿತ್ತು. ಹಾಗಾಗಿ ಮೊದಲ ರಾತ್ರಿ ಅಲ್ಲೇ ಬಂಡೆಗಳ ಕೆಳಗೆ ತಂಗಿದೆವು. ಅತ್ತೆ ಟ್ರೇಲರಿನೊಳಗೆ ಸ್ಟೋವಿನ ಮೇಲೆ ಅನ್ನ ಬೇಯಿಸಿದಳು. ನಾನು ಜೀಪಿನ ಹಿಂದಿನ ಸೀಟಿನಲ್ಲಿ ಮಲಗಿದೆ. ಮರುದಿನ ಸಿರುಗುಪ್ಪದಲ್ಲಿ ಮಾವನ ಕೆಲಸ ಮುಗಿದು ಕರೂರು ಮುಟ್ಟುವಾಗ ದನಗಳು ಮನೆಗೆ ಬರುವ ಹೊತ್ತು. ದಾರಿಯ ಎರಡೂ ಕಡೆ ಭತ್ತದ ಗದ್ದೆ, ಕಾಲುವೆಯಲ್ಲಿ ತುಂಬು ನೀರು.

ಅತ್ತೆಯ ತವರುಮನೆ ಇದ್ದ ಓಣಿ ಕಿರಿದಾದದ್ದು, ಆದರೆ ಆ ತುದಿಯಲ್ಲಿ ಕಾಲುವೆ ದಾರಿಗೆ ಕೂಡುತ್ತಿತ್ತು. ಮಾವ ಇಳಿದು ನಡೆದು ಹೋಗಿ ನೋಡಿಕೊಂಡು ಬಂದ. ಬೆಳಿಗ್ಗೆ ನೇರ ಮುಂದಕ್ಕೆ ಹೋಗಬಹುದು ಎಂದು ಖಾತ್ರಿಯಾದ ಮೇಲೆಯೇ ಮನೆಯ ಮುಂದೆ ಗಾಡಿ ನಿಲ್ಲಿಸಿದ. ಅತ್ತೆ ಒಳಗೆ ಹೋದಳು. ಹೆಂಗಸರ ಮಾತು, ಅಳು, ನಗು ಎಲ್ಲ ಒಟ್ಟಿಗೆ ಕೇಳಿತು. ಮಾವ ಟ್ರೇಲರಿನ ಮೆಟ್ಟಿಲ ಮೇಲೆ ಕೂತ.

ಊಟದ ಹೊತ್ತಿಗೆ ಅತ್ತೆಯ ತಮ್ಮ ಎರಡು ತಾಟು ಹಿಡಿದು ಬಂದ. ಒಂದನ್ನು ಮಾವನ ಮುಂದಿಟ್ಟು, ಇನ್ನೊಂದನ್ನು ಇಟ್ಟುಕೊಂಡು ಓಣಿಯ ಮಣ್ಣಿನಲ್ಲೇ ಚಕ್ಕಳಮಕ್ಕಳ ಹಾಕಿದ.

"ಮನಿ ಯಜಮಾನ ಓಣ್ಯಾಗ ಕುಂತು ಉಣ್ತಾನೇನಲೇ?" ಎಂದ ಮಾವ.

"ಅಳಿಯ ಓಣ್ಯಾಗ ಉಣ್ಣಾಕತ್ತಿದ್ರ ನಾ ಒಳಗ ಹೆಂಗ ಉಣ್ಲಿ? ಇದ ಮೊದಲ್ನೇ ಪಂಕ್ತಿ ನೋಡ್ರಿ ಮಾವ. ನಾವಿಬ್ರ."

ಮಾವ ನಗಲಿಲ್ಲ, ಆದರೆ ಉಂಡ. ಕೈ ತೊಳೆದು, ಬೆಳಿಗ್ಗೆ ಹೊರಡುವುದನ್ನು ಇನ್ನೊಮ್ಮೆ ಹೇಳಿ, ಟ್ರೇಲರಿನೊಳಗೆ ಹೋಗಿ ಬಾಗಿಲು ಹಾಕಿಕೊಂಡ.

ಬೆಳಿಗ್ಗೆ ನಾನು ಏಳುವಾಗ ಮಾವ ಚೊಂಬು, ಟವೆಲ್ಲು ಹಿಡಿದು ಕಾಲುವೆಯ ಕಡೆ ಹೋಗುತ್ತಿದ್ದ. ಅವನು ತಿರುವು ದಾಟುತ್ತಲೇ ಮನೆಯೊಳಗಿಂದ ಜನ ಹೊರಗೆ ಬಂದರು. ಮದುವೆ ಹಂದರದ ಹಾಲುಗಂಬ ನೆಡುವ ಹೊತ್ತಾಗಿತ್ತು. ಆ ಭಾಗದಲ್ಲಿ ಮನೆಯ ಮುಂದೆ ಹಂದರ ಹಾಕುವಾಗ ಮೊದಲು ಒಂದು ಹಸಿ ಕಂಬಕ್ಕೆ ಅರಿಷಿಣ, ಕುಂಕುಮ ಹಚ್ಚಿ, ಬುಡಕ್ಕೆ ಹಾಲೆರೆದು ನೆಡುತ್ತಾರೆ. ಒಮ್ಮೆ ನೆಟ್ಟರೆ ಮದುವೆಯ ಕಾರ್ಯವೆಲ್ಲ ಮುಗಿಯುವವರೆಗೆ ಅದನ್ನು ಯಾರೂ ಅಲುಗಿಸುವುದಿಲ್ಲ.

ಕಂಬದ ಜಾಗ ಬಾಗಿಲ ಬಲಕ್ಕೆ. ಅದು ಸರಿಯಾಗಿ ಜೀಪಿನ ಮೂತಿಯ ಮುಂದೆ ಬರುತ್ತಿತ್ತು. ಹಾರೆ ಹಿಡಿದವನು ನಿಂತು ನೋಡಿದ.

"ಗಾಡಿ ಹೋಗ್ಲಿ ತಡೀರಿ. ಮಾವ ಈಗ ಬರ್ತಾನ, ಹೊಡ್ಕೊಂಡು ಹೋಗ್ತಾನ. ಆಮ್ಯಾಲ ಹುಗಿಯೂಣು," ಎಂದ ಅತ್ತೆಯ ತಮ್ಮ.

"ಹೊತ್ತು ಮೀರತೈತಿ," ಎಂದರು ಶಾಸ್ತ್ರ ಮಾಡಿಸಲು ಬಂದಿದ್ದ ಅಯ್ಯನವರು.

ಹಾಲಿನ ಗಿಂಡಿ ಅತ್ತೆಯ ಕೈಯಲ್ಲಿತ್ತು. ಅವಳು ಒಮ್ಮೆ ಕಾಲುವೆಯ ಕಡೆ ನೋಡಿದಳು. ಆಮೇಲೆ ಹಾರೆಯವನಿಗೆ ಹೇಳಿದಳು: "ಅಗೀ."

"ಅಕ್ಕಾ, ಮಾವ..."

"ಜಾಗ ಅದಲ್ಲೇನು? ಅಪ್ಪನ ಕಾಲದಿಂದ ಅಲ್ಲೇ ಹುಗೀತಾರ. ಅಗೀ ಅಂದೆ."

ಅವನು ಅಗೆದ. ಕಂಬ ನಿಲ್ಲಿಸಿದರು. ಅತ್ತೆ ಬುಡಕ್ಕೆ ಹಾಲೆರೆದಳು. ಹೆಂಗಸರು ಅರಿಷಿಣ ಹಚ್ಚಿದರು. ಮಣ್ಣು ತುಂಬಿ ತುಳಿದು ಗಟ್ಟಿ ಮಾಡಿದರು. ಜೀಪಿನ ಬಂಪರಿಗೂ ಕಂಬಕ್ಕೂ ನಡುವೆ ಒಬ್ಬ ಮನುಷ್ಯ ಅಡ್ಡಡ್ಡ ತೂರುವಷ್ಟು ಜಾಗವಿತ್ತು. ಹಂದರದ ಉಳಿದ ಗಳಗಳನ್ನು ಟ್ರೇಲರಿನ ಹಿಂದೆ ಹತ್ತು ಹೆಜ್ಜೆ ಆಚೆ ಓಣಿಯಲ್ಲಿ ರಾಶಿ ಹಾಕಿದ್ದರು.

ಮಾವ ಒದ್ದೆ ಟವೆಲ್ಲು ಹೆಗಲಿಗೆ ಹಾಕಿಕೊಂಡು ಬಂದ. ಕಂಬದ ಮುಂದೆ ನಿಂತ.

"ಇದನ್ನ ಇಲ್ಲಿ ಯಾರು ಹುಗ್ಯಾಕ ಹಚ್ಚಿದ್ರು?"

"ನಾನು," ಎಂದಳು ಅತ್ತೆ. ಖಾಲಿ ಗಿಂಡಿ ಇನ್ನೂ ಕೈಯಲ್ಲಿತ್ತು.

ಮಾವ ನನ್ನ ಕಡೆ ತಿರುಗಿದ. "ಹಿಂದ ನಿಂತು ನೋಡ್ಲೇ. ಹಿಂದಕ ತಗೀತೀನಿ."

ಜೀಪು ಹತ್ತಿ ಸ್ಟಾರ್ಟ್ ಮಾಡಿದ. ನಾನು ಹಿಂದೆ ಹೋಗಿ ನಿಂತೆ. ಗಾಡಿ ನಾಲ್ಕು ಮೊಳ ಹಿಂದಕ್ಕೆ ಬಂದದ್ದೇ ಟ್ರೇಲರ್ ಬಲಕ್ಕೆ ಮಡಚಿಕೊಂಡು ಎದುರು ಮನೆಯ ಕಟ್ಟೆಗೆ ತಾಗಿತು. ಕಟ್ಟೆಯ ಮೇಲಿದ್ದ ಮುದುಕಿ ಕಾಲು ಮೇಲೆತ್ತಿಕೊಂಡಳು.

"ಯಪ್ಪಾ, ಮನಿಯಂತಾದ್ದನ್ನ ಕಟ್ಕೊಂಡು ಬಂದಿ. ಮನಿ ಎಲ್ಲೆರ ಹಿಂದ ಸರೀತೈತೇನು? ಸುಮ್ಮನ ಇಳಿ, ಚಾ ಕುಡಿ," ಎಂದಳು.

ಹಂದರದ ಹುಡುಗರು ನಕ್ಕರು. ಮಾವ ಗಾಡಿಯನ್ನು ಮತ್ತೆ ಮುಂದಕ್ಕೆ, ಮೊದಲಿದ್ದ ಜಾಗಕ್ಕೇ ತಂದ. ಬಂಪರ್ ಕಂಬಕ್ಕೆ ತಾಗದಂತೆ ಬಹಳ ನಿಧಾನವಾಗಿ ತಂದ. ಎಂಜಿನ್ ಆರಿಸಿದ. ಸ್ಟೇರಿಂಗ್ ಹಿಡಿದುಕೊಂಡೇ ಅರಿಷಿಣ ಹಚ್ಚಿದ ಕಂಬವನ್ನು ನೋಡುತ್ತ ಕೂತ.

ಅಷ್ಟರಲ್ಲಿ ಹಂದರ ಏಳುತ್ತಿತ್ತು. ಓಣಿಯಲ್ಲಿ ಬೇರೆ ಜಾಗವಿರಲಿಲ್ಲ. ಗಳಗಳನ್ನು ಟ್ರೇಲರಿನ ಮೇಲಿಂದಲೇ ಹಾಯಿಸಿದರು, ತೆಂಗಿನ ಗರಿ ಹೊದಿಸಿದರು. ಮಧ್ಯಾಹ್ನದ ಹೊತ್ತಿಗೆ ಜೀಪು, ಟ್ರೇಲರ್ ಎರಡೂ ಹಂದರದ ಕೆಳಗೆ ಬಂದವು.

"ಇದು ಸೂರಲ್ಲ ಮತ್ತ, ಹಂದರ. ನಿಮ್ಮ ಆಣಿಗೆ ಏನೂ ಆಗಿಲ್ಲ," ಎಂದ ಅತ್ತೆಯ ತಮ್ಮ.

"ನಂಗೆ ಗೊತ್ತೈತಿ. ನೀ ಹೇಳಬ್ಯಾಡ," ಎಂದ ಮಾವ.

ಮದುವೆ ಮರುದಿನ ನಡೆಯಿತು. ಅತ್ತೆ ಆರತಿ ಎತ್ತಿದಳು. ಮಾವ ಮೊದಲ ಪಂಕ್ತಿಯಲ್ಲಿ, ಟ್ರೇಲರಿನ ಗಾಲಿಯ ಪಕ್ಕ ಹಾಕಿದ ಚಾಪೆಯ ಮೇಲೆ ಕೂತು ಉಂಡ. ಹೊಸಿಲು ದಾಟಲಿಲ್ಲ. ರಾತ್ರಿ ತನ್ನ ಹಲಗೆಯ ಮೇಲೆಯೇ ಮಲಗಿದ. ಬೀಗರ ಕಡೆಯವರು ಕೆಲವರು ಅದನ್ನು ಮದುಮಕ್ಕಳಿಗೆಂದು ತರಿಸಿದ ಗಾಡಿ ಎಂದುಕೊಂಡು ಒಳಗೆ ಇಣುಕಿ, ಒಬ್ಬ ದಪ್ಪನೆಯ ಗಂಡಸು ಬನಿಯನ್ನಿನಲ್ಲಿ ಕೂತದ್ದನ್ನು ಕಂಡು ಹಿಂದಕ್ಕೆ ಸರಿದರು.

ಮದುಮಕ್ಕಳನ್ನು ಕಳಿಸಿದ ಮೇಲೆ ಹಂದರದ ಗರಿ ಇಳಿಸಿದರು. ಕಂಬ ಕೀಳುವುದೊಂದು ಬಾಕಿ ಉಳಿಯಿತು. ಅತ್ತೆಯ ತಮ್ಮ ಹಾರೆ ಹಿಡಿದು ಟ್ರೇಲರಿನ ಹತ್ತಿರ ಬಂದ.

"ಮಾವ, ಕಂಬ ಕಿತ್ತು ಬಿಡ್ತೀನಿ. ನಿಮಗ ಭಾಳ ತ್ರಾಸು ಆತು. ಇನ್ನ ಗಾಡಿ ಹೊಡೀಬಹುದು."

ಮಾವ ಮೆಟ್ಟಿಲ ಮೇಲೆ ಕೂತಿದ್ದ. ತೆರೆದ ಬಾಗಿಲಿನಿಂದ ಪಡಸಾಲೆ ಕಾಣುತ್ತಿತ್ತು. ಅಲ್ಲಿ ಅತ್ತೆ, ಅವಳ ತಮ್ಮನ ಹೆಂಡತಿ, ಇನ್ನಿಬ್ಬರು ಹೆಂಗಸರು ಉಳಿದ ಉಂಡಿಗಳನ್ನು ಹಂಚಲು ಬಿದಿರಿನ ಪುಟ್ಟಿಗಳಿಗೆ ತುಂಬುತ್ತಿದ್ದರು. ಅತ್ತೆ ಏನೋ ಹೇಳಿದಳು. ಉಳಿದವರು ಬಿದ್ದು ಬಿದ್ದು ನಕ್ಕರು. ಅವಳ ಸೀರೆಯ ಗಂಟು ಕಟ್ಟಿ ಬಾಗಿಲ ಪಕ್ಕ ಇಟ್ಟಿತ್ತು. ಹೊರಡಲು ಅವಳು ತಯಾರಾಗಿದ್ದಳು.

ಮಾವ ಸ್ವಲ್ಪ ಹೊತ್ತು ಅತ್ತ ನೋಡಿದ. ಆಮೇಲೆ ಜೀಪಿನ ಕಡೆ ಕೈ ತೋರಿಸಿದ.

"ಎಂಜಿನ್ ಯಾಕೋ ಸರಿ ಇಲ್ಲ. ನೋಡಬೇಕು. ಕಂಬ ಇವತ್ತು ಇರ್ಲಿ, ನಾಳಿ ಕೀಳು," ಎಂದ.

ಎಂಜಿನ್ ಸರಿಯಿತ್ತು. ಬೆಳಿಗ್ಗೆಯೇ ನಾನು ಸ್ಟಾರ್ಟ್ ಮಾಡಿ ನೋಡಿದ್ದೆ, ಅದು ಅವನಿಗೂ ಕೇಳಿಸಿತ್ತು. ಅತ್ತೆಯ ತಮ್ಮ ಹಾರೆಯನ್ನು ಗೋಡೆಗೆ ಒರಗಿಸಿ ಒಳಗೆ ಹೋದ. ತುಸು ಹೊತ್ತಿನಲ್ಲಿ ಬಾಗಿಲ ಪಕ್ಕದ ಗಂಟನ್ನು ಯಾರೋ ಎತ್ತಿ ಒಳಗಿಟ್ಟರು.